ಟೈಲರ್ ನೀಲಾಂಬಿಕೆ, ಡಿಸೈನರ್ ನೀಲಾ

2-11-2006, ಗುರುವಾರ

ಮೂರು ಬ್ಲೌಸ್ ಕಟಿಂಗ್ ಆಯ್ತು. ಒಂದಕ್ಕೆ ಕುತ್ತಿಗೆ ಜಾಸ್ತಿ ಕತ್ತರಿಸಿದೆನಾ ಅಂತ ಅನುಮಾನ. ನಾಲ್ಕು ಸಲ ಅಳೆದೆ. ಸರಿಯಾಗೇ ಇದೆ. ಆದರೂ...

ಮಧ್ಯಾಹ್ನ ಅಕ್ಕನೂ ರಾಜಶೇಖರ ಭಾವನೂ ಅಂಗಡಿಗೆ ಬಂದರು. ಭಾವ ನನ್ನ ಬಯೋಡಾಟಾ ಬಾಳಗಡಿಯ ಸೈಬರ್ ಸೆಂಟರಲ್ಲಿ ಇಂಗ್ಲಿಷಲ್ಲಿ ಟೈಪ್ ಮಾಡಿಸಿದ್ದಾರೆ. ಕೆಲಸ ಅನ್ನೋ ಕಡೆ ‘ಫ್ಯಾಷನ್ ಡಿಸೈನರ್’.

“ಭಾವ, ನಾನು ಟೈಲರ್.”

“ಎರಡೂ ಒಂದೇ ಮಾರಾಯ್ತಿ. ಟೈಲರ್ ಅಂದ್ರೆ ಬಾಗಿಲಲ್ಲೇ ಮಾತಾಡಿಸಿ ಕಳಿಸ್ತಾರೆ, ಡಿಸೈನರ್ ಅಂದ್ರೆ ಸೋಫಾ ಮೇಲೆ ಕೂರಿಸ್ತಾರೆ.”

ನೀಲಾಂಬಿಕೆ ಹೋಗಿ ‘ನೀಲಾ ಕೆ.’ ಆಗಿದೆ. ಮೂವತ್ತು ಇಪ್ಪತ್ತೆಂಟಾಗಿದೆ. ಫೋಟೋ ಚೂಡಿದಾರದ್ದು. ಎನ್.ಆರ್. ಪುರದಲ್ಲಿ ರೈಸ್ ಮಿಲ್ಲಿನವರ ಮನೆಗಂತೆ.

ಹೋದ ತಿಂಗಳು ಸಂಬಂಧ ನೋಡಿಕೊಡೋ ಅನ್ನಪೂರ್ಣಮ್ಮ ಒಂದು ಬಯೋಡಾಟಾ ತಗೊಂಡು ಹೋಗಿದ್ದರಲ್ಲ, ನಾನೇ ಕೈಯಲ್ಲಿ ಬರೆದದ್ದು, ಸೀರೆ ಫೋಟೋ — ಅದು ಯಾರ ಮನೆಗೆ ಹೋಯ್ತೋ. ಕೇಳಬೇಕಿತ್ತು. ಕೇಳಲಿಲ್ಲ.

3-11

ಅಕ್ಕನ ಮಗಳು ಮೇಘನಳ ಡಿಕ್ಷನರಿ ತಂದು ನೋಡಿದೆ. ಟೈಲರ್. ಡ್ರೆಸ್‌ಮೇಕರ್. ಸೀಮ್‌ಸ್ಟ್ರೆಸ್ ಅಂತ ಬೇರೆ. ಎಂಟನೇ ಕ್ಲಾಸಿಗೆ ಸ್ಕೂಲ್ ಬಿಟ್ಟವಳಿಗೆ ಇಷ್ಟೊಂದು ಹೆಸರು ಯಾಕೆ? ಮಿಷನ್ ಒಂದೇ, ತುಳಿಯೋ ಕಾಲೂ ನನ್ನದೇ.

ಕೋರ್ಸ್ ಎಲ್ಲಿ ಮಾಡಿದ್ದು ಅಂತ ಕೇಳಿದರೆ? ಕೊಪ್ಪ ಬಸ್‌ಸ್ಟ್ಯಾಂಡ್ ಹಿಂದೆ ಗಿರಿಯಮ್ಮನ ಹತ್ತಿರ ಹುಕ್ ಹೊಲಿದು ಹೊಲಿದು ಕಲಿತೆ ಅನ್ನಲಾ?

16-11

ಹೋಯ್ತು. ಎರಡು ಬಯೋಡಾಟಾನೂ ಒಂದೇ ಮನೆಗೆ ಹೋಗಿವೆ.

ಅನ್ನಪೂರ್ಣಮ್ಮ ಬಂದವರೇ, “ನೀಲಾ, ನಿನಗೊಬ್ಬಳು ತಂಗಿ ಇದ್ದಾಳೇನೇ?” ಅಂದ್ರು.

ಮಿಲ್ಲಿನ ಮನೆ ಅಮ್ಮ ಎರಡೂ ಫೋಟೋ ಪಕ್ಕ ಪಕ್ಕ ಇಟ್ಟು ನೋಡಿದರಂತೆ. ‘ಅಕ್ಕ ಟೈಲರ್, ತಂಗಿ ಡಿಸೈನರ್. ಮುಖ ಅಚ್ಚು ಒತ್ತಿದ ಹಾಗಿದೆ. ಅಕ್ಕನಿಗೆ ವಯಸ್ಸು ಜಾಸ್ತಿಯಾಯ್ತು, ತಂಗೀನ ನೋಡೋಣ’ ಅಂದ್ರಂತೆ.

“ನೀವೇನಂದ್ರಿ?”

“ಕಾಫಿ ಕುಡಿದು ಎದ್ದು ಬಂದೆ.”

ಭಾವನಿಗೆ ಫೋನ್ ಮಾಡಿದೆ. “ಒಳ್ಳೇದೇ ಆಯ್ತು. ತಂಗಿಯಾಗಿ ಕೂತ್ಕೋ. ಅಕ್ಕ ಎಲ್ಲಿ ಅಂದ್ರೆ ಮದುವೆಯಾಗಿ ಹೋದಳು ಅನ್ನು.”

ನನಗೆ ಮದುವೆಯೂ ಆಗಿಹೋಯ್ತು. ಒಪ್ಪಿಕೊಂಡರೆ ಸುಳ್ಳು, ನಿಜ ಹೇಳಿದರೆ ಈ ಸಂಬಂಧವೂ ತಪ್ಪುತ್ತೆ. ಇದು ಏಳನೇದು.

20-11, ಸೋಮವಾರ

ಮಿಲ್ಲಿನ ಮನೆ ಹುಡುಗನೇ ಬಂದಿದ್ದರು. ಜಯದೇವಪ್ಪ. ಕೈಯಲ್ಲಿ ಪ್ಲಾಸ್ಟಿಕ್ ಕವರು — ಬ್ಲೌಸ್ ಪೀಸು, ಜೊತೆಗೆ ಅವರಮ್ಮನ ಹಳೇ ಅಳತೆ ರವಿಕೆ.

“ಟೈಲರ್ ನೀವೇನಾ? ನಿಮ್ಮ ತಂಗೀನ ನೋಡೋಕೆ ಬರುವಾಗ ಅಮ್ಮ ಇದನ್ನೇ ಹಾಕ್ಕೊಂಡು ಬರ್ತಾರಂತೆ.”

ಭಾವ ಹೇಳಿಕೊಟ್ಟದ್ದು ಬಾಯಿಗೆ ಬಂತು. ಆದರೆ ಹೊರಗೆ ಬಂದದ್ದು ಬೇರೆ.

“ತಂಗಿ ಇಲ್ಲ. ಅಕ್ಕನೂ ನಾನೇ, ತಂಗೀನೂ ನಾನೇ. ವಯಸ್ಸು ಮೂವತ್ತು.”

ನನ್ನ ನೋಡಿದರು. ಮಿಷನ್ ನೋಡಿದರು.

“ಯಾವಾಗ ಕೊಡ್ತೀರಿ?”

“ಮುಂದಿನ ಮಂಗಳವಾರ.”

ಹೊರಟರು. ನಕ್ಕರಾ? ಹೆಲ್ಮೆಟ್ ಹಾಕಿದ್ದರು, ಕಾಣಲಿಲ್ಲ.

ಸಿಟ್ಟು ಬಂದಿದ್ದರೆ ಅಳತೆ ರವಿಕೆ ವಾಪಸ್ ತಗೊಂಡು ಹೋಗ್ತಿದ್ದರಲ್ಲ? ಇಲ್ಲಾ ಗಾಬರಿಯಲ್ಲಿ ಮರೆತರಾ? ಅಯ್ಯೋ, ಮಂಗಳವಾರ ಅಂಗಡಿಗೆ ರಜೆ.

23-11

ಹಳೇ ರವಿಕೆಯ ಎರಡೂ ಪಕ್ಕ ಎರಡು ಸಲ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿದ್ದಾರೆ. ಒಳಗೆ ಇನ್ನು ಬಟ್ಟೆಯೇ ಉಳಿದಿಲ್ಲ. ಹೊಸದಕ್ಕೆ ಪಕ್ಕದಲ್ಲಿ ಒಂದೊಂದು ಇಂಚು ಬಿಟ್ಟು ಹೊಲಿದೆ. ದಪ್ಪ ಅಂತ ಹೇಳಿದ ಹಾಗಾಯ್ತಾ? ಬಿಚ್ಚಲಾ?

ಬಿಚ್ಚಲಿಲ್ಲ. ಭಾವನಿಗೆ ಇದ್ಯಾವುದೂ ಹೇಳಿಲ್ಲ.

28-11, ಮಂಗಳವಾರ, ಬೆಳಿಗ್ಗೆ 11.30

ಶಟರ್ ಅರ್ಧ ಎತ್ತಿ ಕೂತಿದ್ದೆ. ಮಿಲ್ಲಿನ ಮನೆ ಅಮ್ಮನೇ ಬಂದುಬಿಟ್ಟರು. ಮಗ ಹೊರಗೆ ಬೈಕ್ ಹತ್ತಿರ ನಿಂತಿದ್ದಾರೆ, ಒಳಗೆ ಬರ್ತಿಲ್ಲ. ಅಮ್ಮ ಪರದೆ ಹಿಂದೆ ರವಿಕೆ ಹಾಕಿ ನೋಡ್ತಿದ್ದಾರೆ. ಸುಮ್ಮನೆ ಕೂರೋಕೆ ಆಗ್ತಿಲ್ಲ, ಅದಕ್ಕೇ ಬರೀತಿದ್ದೇನೆ.

ಬಂದವರೇ ಹೇಳಿದ್ದು ಒಂದೇ ಮಾತು — “ಎರಡು ಫೋಟೋನೂ ನಿನ್ನದೇಯಾ? ಸೀರೇದೇ ಚೆನ್ನಾಗಿತ್ತು.”

ಇದು ಬೈದದ್ದಾ?

ಈಗ ಒಳಗಿಂದ, “ಪಕ್ಕದಲ್ಲಿ ಬಟ್ಟೆ ಬಿಟ್ಟಿದ್ದೀಯಲ್ಲ, ಯಾರು ಹೇಳಿದ್ದು?”

“ಯಾರೂ ಇಲ್ಲಮ್ಮ.”

ಆಮೇಲೆ, “ಹುಕ್ ಕೈಗೆ ಸಿಗ್ತಿಲ್ಲ. ಬಾ ಮಗಾ ಇಲ್ಲಿ.”

ಮಗಾ ಅಂದ್ರು. ಟೈಲರನ್ನ ಕರೆದದ್ದೋ, ಇಲ್ಲಾ... ಮತ್ತೆ ಕರೀತಿದ್ದಾರೆ, ಹೋಗ—