ತಾಯಂದಿರಿಗೆ ಅಂಕ ಹಾಕುವವರಿಗೆ

ಮಕ್ಕಳ ಮಾನಸಿಕ ಚಿಕಿತ್ಸಾಲಯದ ಅಧೀಕ್ಷಕರೇ,

ನನ್ನ ಮಗಳಿಗೆ ಏನಾಗಿದೆ ಎಂದು ಕೇಳಲು ನಿಮ್ಮಲ್ಲಿಗೆ ಬಂದೆವು. ನೀವು ಅವಳನ್ನು ಬಿಟ್ಟು ನನ್ನನ್ನು ಪರೀಕ್ಷಿಸಿದಿರಿ, ನಪಾಸು ಮಾಡಿದಿರಿ, ಅವಳನ್ನು ಇಟ್ಟುಕೊಂಡಿರಿ. ಮಳೆಗಾಲವೆಲ್ಲ ಅವಳು ನಿಮ್ಮ ವಾರ್ಡಿನಲ್ಲಿದ್ದಳು. ದೀಪಾವಳಿಗೆ ಮೊದಲು ನಾನು ಪಾಸಾದೆನೆಂದು ಹೇಳಿ ಅವಳನ್ನು ವಾಪಸು ಕಳುಹಿಸಿದಿರಿ. ಈ ವಿಚಾರವಾಗಿ ನಿಮಗೆ ಖಾಸಗಿಯಾಗಿ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ಆದ್ದರಿಂದ ಈ ಪತ್ರಿಕೆಯ ಸಂಪಾದಕರ ದಾಕ್ಷಿಣ್ಯದಿಂದ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಸಿಟ್ಟಿನಿಂದ ಬರೆಯುತ್ತಿದ್ದೇನೆಂದು ತಿಳಿಯಬೇಡಿ. ಸಿಟ್ಟು ಬರಬೇಕಾಗಿತ್ತು, ಬಂದಿಲ್ಲ. ಬೇಕಾದರೆ ಇದನ್ನೂ ನಿಮ್ಮ ಕಡತದಲ್ಲಿ ಗುರುತು ಹಾಕಿಕೊಳ್ಳಿ.

ದಿನಕ್ಕೆ ಎಷ್ಟೋ ತಾಯಂದಿರು ಬಂದುಹೋಗುವ ಜಾಗ ನಿಮ್ಮದು. ನನ್ನನ್ನು ಮರೆತಿರುವುದು ಸಹಜ. ನಮ್ಮ ಮನೆ ಜಯನಗರದಲ್ಲಿದೆ. ಯಜಮಾನರು ಬದರಿನಾಥ, ರೈಲ್ವೆ ಕಚೇರಿಯಲ್ಲಿ ಗುಮಾಸ್ತರು. ಅತ್ತೆಯವರು ಸೀತಾಲಕ್ಷ್ಮಮ್ಮ ನಮ್ಮ ಜೊತೆಯಲ್ಲಿದ್ದಾರೆ. ಮಗಳು ಜಯಶೀಲಾಗೆ ಏಳು ವರ್ಷ. ಅವಳು ಕರೆದರೆ ತಿರುಗುವುದಿಲ್ಲ, ಮುಖ ನೋಡುವುದಿಲ್ಲ, ಪಾತ್ರೆ ಬಿದ್ದರೆ ಕಿವಿ ಮುಚ್ಚಿಕೊಂಡು ಚೀರುತ್ತಾಳೆ. ಹುಣಸೆಬೀಜ ಸಿಕ್ಕರೆ ಹಜಾರದ ಈ ಗೋಡೆಯಿಂದ ಆ ಗೋಡೆಯವರೆಗೆ ಸಾಲಾಗಿ ಜೋಡಿಸುತ್ತಾಳೆ. ನಡುವೆ ಒಂದನ್ನು ಯಾರಾದರೂ ತುಳಿದು ಕದಲಿಸಿದರೆ ಮೊದಲಿನಿಂದ ಶುರು. ಬಸ್ಸು ಬರುವ ಹೊತ್ತಿಗೆ ಗೇಟಿನ ಬಳಿ ನಿಂತು ಕಂಡಕ್ಟರನ ಹಾಗೇ "ರೈಟ್, ರೈಟ್" ಎನ್ನುತ್ತಾಳೆ. ಶಾಲೆಯಲ್ಲಿ ಗಂಟೆ ಬಾರಿಸಿದಾಗಲೆಲ್ಲ ಬೆಂಚಿನ ಕೆಳಗೆ ನುಸುಳುತ್ತಿದ್ದಳು. ಹೆಡ್‌ಮಿಸ್ ನಮ್ಮನ್ನು ಕರೆಸಿ, "ಇವಳನ್ನ ಒಂದ್ಸಲ ತೋರಿಸ್ಕೊಂಡು ಬನ್ನಿ, ಆಮೇಲೆ ಮತ್ತೆ ಸೇರಿಸ್ಕೊಳ್ಳೋ ವಿಚಾರ" ಎಂದರು. ಬನಶಂಕರಿ ಗುಡ್ಡದ ಕಡೆ ನಿಮ್ಮ ಚಿಕಿತ್ಸಾಲಯ ಹೊಸದಾಗಿ ಶುರುವಾಗಿದೆಯೆಂದು ವಿಳಾಸ ಕೊಟ್ಟವರೂ ಅವರೇ.

ನಿಮ್ಮ ಡಾಕ್ಟರು ಮಗುವನ್ನು ನೋಡಲಿಲ್ಲವೆಂದು ನಾನು ಹೇಳುವುದಿಲ್ಲ. ನೋಡಿದರು. ಮರದ ತುಂಡುಗಳನ್ನು ಮುಂದೆ ಹಾಕಿದರು, ಅವಳು ಸಾಲಾಗಿ ಜೋಡಿಸಿದಳು. ಅವರು ತಲೆಯಾಡಿಸಿ, ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ ಎಂದು ಯಜಮಾನರಿಗೆ ಹೇಳಿದರು. ಆಮೇಲೆ ನಮ್ಮನ್ನು ಪಕ್ಕದ ಕೋಣೆಗೆ ಕಳುಹಿಸಿದರು. ಅಲ್ಲಿ ಕನ್ನಡಕ ಹಾಕಿಕೊಂಡ ಒಬ್ಬ ಹುಡುಗಿ ಪ್ರಶ್ನಾವಳಿ ಇಟ್ಟುಕೊಂಡು ಕೂತಿದ್ದಳು. ಕೆಟ್ಟ ಹುಡುಗಿಯಲ್ಲ. ನೀರು ಬೇಕೇ ಎಂದು ಕೇಳಿದಳು. ಆ ಪ್ರಶ್ನೆಗಳು ಎಲ್ಲಿಂದ ಬಂದವೋ ನನಗೆ ಗೊತ್ತಿಲ್ಲ, ನಮ್ಮಂಥವರ ಮನೆಯಿಂದಂತೂ ಬಂದಿರಲಿಲ್ಲ. ಮಗುವಿಗೆ ಪ್ರತ್ಯೇಕ ಮಲಗುವ ಕೋಣೆ ಇದೆಯೇ? ಊಟದ ಮೇಜಿನ ಬಳಿ ಕದಲದೆ ಕುಳಿತುಕೊಳ್ಳುತ್ತದೆಯೇ? ನಮ್ಮ ಮನೆಯಲ್ಲಿ ಯಾರಿಗೂ ಪ್ರತ್ಯೇಕ ಕೋಣೆಯಿಲ್ಲ, ನೆಲದ ಮೇಲೆ ಕೂತು ಊಟ ಮಾಡುತ್ತೇವೆ. ಎರಡಕ್ಕೂ ಇಲ್ಲ ಎಂದೆ. ಎರಡೂ ಕಡೆ ಗುರುತು ಬಿತ್ತು. ಮೇಜಿಲ್ಲದ ಮನೆಯ ಮಗು ಮೇಜಿನ ಬಳಿ ಕೂರುವುದಿಲ್ಲವೆಂಬುದು ಯಾವ ರೋಗದ ಲಕ್ಷಣ ಎಂದು ತಾವು ತಿಳಿಸಿದರೆ ಉಪಕಾರವಾಗುತ್ತದೆ.

ಅಲ್ಲಿಂದ ಮುಂದೆ ಪ್ರಶ್ನೆಗಳೆಲ್ಲ ನನ್ನ ಮೇಲೆ ತಿರುಗಿದವು. ಮಲಗುವ ಮುನ್ನ ಮಗುವಿಗೆ ಮುತ್ತು ಕೊಡುತ್ತೀರಾ? ಪಕ್ಕದಲ್ಲಿ ಅತ್ತೆ ಕೂತಿದ್ದರು, ಬಾಗಿಲ ಬಳಿ ಯಜಮಾನರು ನಿಂತಿದ್ದರು. ನಾನು ಸೀರೆಯ ಸೆರಗು ನೋಡುತ್ತ ಇಲ್ಲವೆಂದೆ. ಅತ್ತೆಗೂ ಒಂದು ಪ್ರಶ್ನೆ ಬಂತು. ಸೊಸೆ ಮಗುವನ್ನು ಎತ್ತಿ ಮುದ್ದಾಡುತ್ತಾಳೆಯೇ?

"ಇಲ್ಲಮ್ಮ, ಎಲ್ಲಿ ಮುದ್ದಾಡೋದು. ಕೈ ಹಾಕಿದ್ರೆ ಸಾಕು, ಮಗು ಬೆಂಕಿ ಸೋಕ್ದಂಗೆ ಕಿರುಚತ್ತೆ. ಇವಳು ಪಾಪ..."

"ಇಲ್ಲ ಅಂತ ತಾನೆ ಅಮ್ಮ?" ಎಂದಳು ಆ ಹುಡುಗಿ. "ಬೇಜಾರ್ ಮಾಡ್ಕೋಬೇಡಿ, ಹೌದು ಅಥವಾ ಇಲ್ಲ ಅಷ್ಟೇ ಹೇಳ್ಬೇಕು."

ಅತ್ತೆಯ ಮಾತು ಅಲ್ಲಿಗೆ ನಿಂತಿತು. ಇವಳು ಪಾಪ ಏನು ಮಾಡುತ್ತಾಳೆ ಎಂಬುದಕ್ಕೆ ನಿಮ್ಮ ಹಾಳೆಯಲ್ಲಿ ಜಾಗವಿರಲಿಲ್ಲ. ಜಾಗವಿದ್ದಿದ್ದರೆ ಅತ್ತೆ ಹೇಳುತ್ತಿದ್ದರು. ಮಧ್ಯಾಹ್ನ ನಾನು ಅಕ್ಕಿ ಆರಿಸಲು ಕೂತಾಗ ಮಗು ತಾನಾಗಿ ಬಂದು, ನನ್ನ ಬೆನ್ನಿಗೆ ತನ್ನ ಬೆನ್ನು ಆನಿಸಿ ಕೂರುತ್ತಿತ್ತು. ನಾನು ತಿರುಗುವ ಹಾಗಿಲ್ಲ, ಕೈ ಚಾಚುವ ಹಾಗಿಲ್ಲ. ಅಕ್ಕಿ ಮುಗಿದಿದ್ದರೂ ಮೊರವನ್ನು ಸುಮ್ಮನೆ ಆಡಿಸುತ್ತ ಕೂತಿರುತ್ತಿದ್ದೆ. ಅವಳು ನನಗೆ ಕೊಡುತ್ತಿದ್ದದ್ದು ಅಷ್ಟು. ಅದು ಕಡಿಮೆಯೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಕೊನೆಯಲ್ಲಿ ಇನ್ನೊಂದು ಪ್ರಶ್ನೆ. ಈ ಮಗು ಬೇಡವಾಗಿತ್ತು ಎಂದು ಎಂದಾದರೂ ಅನ್ನಿಸಿದೆಯೇ?

"ಎಂದಾದ್ರೂ ಅಂದ್ರೆ?" ಎಂದು ಕೇಳಿದೆ.

"ಯಾವಾಗ್ಲಾದ್ರೂ. ಒಂದೇ ಒಂದ್ಸಲ ಆದ್ರೂ."

ಜಯಶೀಲಾಗಿಂತ ಮೊದಲು ಹುಟ್ಟಿದ ಕೂಸು ನನ್ನ ಕೈಯಲ್ಲೇ ಹೋಗಿತ್ತು. ಇವಳ ಹೆರಿಗೆಯ ನೋವು ಶುರುವಾದಾಗ, ಇದೂ ಹಾಗೇ ಆಗುವುದಾದರೆ ಬೇಡ ದೇವರೇ ಎಂದುಕೊಂಡಿದ್ದೆ. ಸುಳ್ಳು ಹೇಳಬಾರದೆಂದು ಹೌದು ಎಂದೆ. ಯಜಮಾನರು ನನ್ನ ಮುಖ ನೋಡಿದರು. ಹುಡುಗಿ ಬರೆದುಕೊಂಡಳು. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳುವ ನಿಯಮವಿರಲಿಲ್ಲವೆಂದು ಕಾಣುತ್ತದೆ.

ಶಾಲೆಗೆ ತೋರಿಸಲೆಂದು ನಮ್ಮ ಕೈಗೆ ಒಂದು ಪ್ರತಿ ಕೊಟ್ಟಿರಿ. "ತಾಯಿಯಲ್ಲಿ ಭಾವಶೈತ್ಯ. ಸಂದರ್ಶನದ ಕಾಲದಲ್ಲಿ ಕಣ್ಣೀರಿಲ್ಲ. ಮಗುವನ್ನು ತಾಯಿಯಿಂದ ಕೆಲಕಾಲ ದೂರವಿರಿಸತಕ್ಕದ್ದು." ಭಾವಶೈತ್ಯವೆಂಬ ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಯಜಮಾನರು ಅರ್ಥ ಹೇಳಿದರು. ತಣ್ಣಗಿನ ತಾಯಿ. ತಾಯಿ ತಣ್ಣಗಿದ್ದರೆ ಮಗು ಹೀಗಾಗುತ್ತದೆಯೆಂದು ಪರದೇಶದಲ್ಲಿ ಕಂಡುಹಿಡಿದಿದ್ದಾರಂತೆ. ಅಳದೆ ಕೂತ ಹೆಂಗಸಿಗೆ ಅಳು ಬರದೆ ಇರುವುದಕ್ಕೂ, ಏಳು ವರ್ಷ ಅತ್ತು ಮುಗಿದಿರುವುದಕ್ಕೂ ವ್ಯತ್ಯಾಸವುಂಟೋ ಇಲ್ಲವೋ ಎಂದು ಅವರು ಕಂಡುಹಿಡಿದಂತಿಲ್ಲ.

ಮನೆಗೆ ಬಂದ ಮೇಲೆ ಯಜಮಾನರು ಹೇಳಿದರು, "ವಾರಿಜಾ, ಅವರು ಓದಿದೋರು. ಒಂದ್ಸಲ ಅವರು ಹೇಳಿದ ಹಾಗೆ ಮಾಡಿ ನೋಡೋಣ."

ನಾನು ಬೇಡವೆಂದು ಹೇಳಿದ್ದರೆ ಅದೂ ತಣ್ಣಗಿರುವುದರ ಗುರುತಾಗುತ್ತಿತ್ತೋ ಏನೋ. ಅವರು ಸಹಿ ಹಾಕಿದರು. ನಾನು ಅವಳ ಲಂಗಗಳನ್ನು ಮಡಿಸಿ ಚೀಲಕ್ಕೆ ತುಂಬಿದೆ. ವಾರ್ಡಿನ ಬಾಗಿಲಲ್ಲಿ ದಾದಿ ಅವಳ ಕೈ ಹಿಡಿದಳು, ಮಗು ಚೀರಿತು, ಬಾಗಿಲು ಹಾಕಿದರು. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ, "ನಾನ್ ಹೇಳಿದ್ದು ಪೂರ್ತಿ ಬರ್ಕೊಳ್ಳಲೇ ಇಲ್ವಲ್ಲೇ ಅವಳು" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಆವತ್ತು ಮನೆಗೆ ಬಂದು ಅನ್ನ ಮಾಡಿದೆ, ಸಾರು ಮಾಡಿದೆ, ಎಲ್ಲರಿಗೂ ಬಡಿಸಿದೆ. ಇದನ್ನೆಲ್ಲ ಮಾಡಿದ್ದು ನೆನಪಿದೆ. ಏನನ್ನಿಸಿತು ಎಂಬುದು ನೆನಪಿಲ್ಲ.

ತಾಯಿಯ ಭೇಟಿಯಿಂದ ಚಿಕಿತ್ಸೆ ಕೆಡುತ್ತದೆಯೆಂದು ನನ್ನನ್ನು ಬಹಳ ದಿನ ಒಳಗೆ ಬಿಡಲಿಲ್ಲ. ಕಡೆಗೊಂದು ದಿನ ಬಿಟ್ಟರು. ಊಟದ ಹೊತ್ತು. ಮಗುವಿನ ಕೈಗಳು ಕಡ್ಡಿಯ ಹಾಗಾಗಿದ್ದವು. ದಾದಿ ಒಂದು ಸೌಟು ಅನ್ನ ಹಾಕಿದಳು, ತಿಂದಿತು. ಖಾಲಿ ತಟ್ಟೆ ನೋಡುತ್ತ "ಸಾಕಾ?" ಎಂದಿತು. ದಾದಿ ತಟ್ಟೆ ಎತ್ತಿಕೊಂಡು ಹೊರಟಳು.

"ಯಾಕ್ ತಗೊಂಡ್ರಿ?" ಎಂದೆ.

"ಸಾಕು ಅಂತ ಅವಳೇ ಹೇಳಿದ್ಲಲ್ಲಮ್ಮ. ದಿನಾ ಹಿಂಗೇ, ಒಂದ್ ಸೌಟಿಗೇ ಸಾಕು ಅಂತಾಳೆ."

ಅಧೀಕ್ಷಕರೇ, ನನ್ನ ಮಗಳು ಸಾಕು ಎನ್ನುತ್ತಿರಲಿಲ್ಲ. ಮನೆಯಲ್ಲಿ ಎರಡನೆಯ ಸಲ ಬಡಿಸುವಾಗ ನಾನು "ಸಾಕಾ?" ಎಂದು ಕೇಳುತ್ತಿದ್ದೆ. ಆ ಮಾತಿನ ಹಿಂದೆ ಅನ್ನ ಬರುತ್ತದೆಂದು ಅವಳು ತಿಳಿದುಕೊಂಡಿದ್ದಳು. ಅವಳ ಬಾಯಲ್ಲಿ ಅದಕ್ಕೆ ಇನ್ನೂ ಬೇಕು ಎಂದರ್ಥ. ಅವಳಿಗೆ ಬರುತ್ತಿದ್ದ ಮಾತುಗಳೇ ಬೆರಳೆಣಿಕೆಯಷ್ಟು. ಅವುಗಳ ಅರ್ಥವನ್ನು ನನ್ನಿಂದ ಕೇಳಿ ತಿಳಿಯಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸಾಕಾಗಿತ್ತು. ನಿಮ್ಮ ಪ್ರಶ್ನಾವಳಿಯಲ್ಲಿ ನನ್ನ ಬಸಿರಿನ ಬಗ್ಗೆ, ನನ್ನ ಮದುವೆಯ ಬಗ್ಗೆ, ನನ್ನ ಮುತ್ತಿನ ಬಗ್ಗೆ ಪ್ರಶ್ನೆಗಳಿದ್ದವು. ಮಗುವಿನ ಮಾತಿನ ಬಗ್ಗೆಯೂ ಒಂದು ಪ್ರಶ್ನೆ ಇತ್ತು, ನಿಜ. ಸ್ಪಷ್ಟವಾಗಿ ಮಾತನಾಡುತ್ತದೆಯೇ, ಹೌದು ಅಥವಾ ಇಲ್ಲ. ನಾನು ಇಲ್ಲ ಎಂದಿದ್ದೆ. ಮಳೆಗಾಲವೆಲ್ಲ ಅವಳು ಅನ್ನ ಕೇಳಿದಾಗಲೆಲ್ಲ ನೀವು ತಟ್ಟೆ ತೆಗೆದಿರಿ.

ಅದನ್ನು ನಿಮ್ಮ ಡಾಕ್ಟರಿಗೆ ಹೇಳಿದೆ. "ನೋಡಮ್ಮ, ನಿಮಗೆ ನಿಮ್ಮ ಪರಿಸ್ಥಿತಿ ಒಪ್ಪಿಕೊಳ್ಳೋಕೆ ಕಷ್ಟ ಆಗ್ತಿದೆ" ಎಂದರು. ಮಗುವನ್ನು ಕಳುಹಿಸಬೇಕಾದರೆ ನಾನು ಮತ್ತೊಮ್ಮೆ ಪ್ರಶ್ನೆಗಳಿಗೆ ಉತ್ತರ ಕೊಡಬೇಕು, ಸುಧಾರಣೆ ಕಾಣಬೇಕು ಎಂದರು. ಸರಿ ಎಂದೆ.

ಎರಡನೆಯ ಸಲ ಅದೇ ಕೋಣೆ, ಅದೇ ಹುಡುಗಿ, ಅದೇ ಹಾಳೆ. ಪ್ರಶ್ನೆಗಳು ನನಗೆ ಬಾಯಿಪಾಠವಾಗಿದ್ದವು. ಪ್ರತ್ಯೇಕ ಕೋಣೆ ಇದೆ ಎಂದೆ. ಮೇಜು ಇದೆ ಎಂದೆ. ಮಗು ಬೇಡವೆಂದು ಯಾವತ್ತೂ ಅನ್ನಿಸಿಲ್ಲ ಎಂದೆ. ದಿನಾ ರಾತ್ರಿ ಮುತ್ತು ಕೊಡುತ್ತೀರಾ ಎಂದಳು, ಕೊಡುತ್ತೇನೆ ಎಂದೆ. ಬರೆದುಕೊಂಡಳು. ಮಗು ಆಗ ಅದೇ ಕಟ್ಟಡದಲ್ಲಿ, ಗೋಡೆಯಾಚೆ, ನಿಮ್ಮ ವಾರ್ಡಿನಲ್ಲಿ ಮಲಗುತ್ತಿತ್ತು. ಅಲ್ಲಿದ್ದ ಮಗುವಿಗೆ ಜಯನಗರದಿಂದ ಹೇಗಮ್ಮಾ ಮುತ್ತು ಕೊಟ್ಟೆ ಎಂದು ಯಾರೂ ಕೇಳಲಿಲ್ಲ. ಕಡೆಯಲ್ಲಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡೆ. ಕಣ್ಣು ಒಣಗಿತ್ತು. ನಿಮ್ಮ ಎರಡನೆಯ ಪ್ರತಿ ಹೇಳುತ್ತದೆ: "ತಾಯಿಯ ಭಾವಸ್ಪಂದನದಲ್ಲಿ ಗಮನಾರ್ಹ ಸುಧಾರಣೆ. ಚಿಕಿತ್ಸೆ ಫಲಕಾರಿ."

ನಿಜ ಹೇಳಿದ ದಿನ ಮಗುವನ್ನು ಕಿತ್ತುಕೊಂಡಿರಿ, ಸುಳ್ಳು ಹೇಳಿದ ದಿನ ವಾಪಸು ಕೊಟ್ಟಿರಿ. ಇದನ್ನು ವಿಜ್ಞಾನವೆಂದು ಕರೆಯುವುದಾದರೆ ನನ್ನ ಅಭ್ಯಂತರವಿಲ್ಲ. ನನ್ನ ಓದು ಮಿಡ್ಲ್ ಸ್ಕೂಲಿಗೆ ನಿಂತಿತು.

ಮಗುವನ್ನು ಕರೆದೊಯ್ಯಲು ಬಂದ ದಿನ ಬೆಂಚಿನ ಮೇಲೆ ಕೋಣನಕುಂಟೆಯ ಗೌರಮ್ಮ ಎಂಬಾಕೆ ಕೂತಿದ್ದರು. ತೊಡೆಯ ಮೇಲಿದ್ದ ಮಗ ಸೂರಿನ ಫ್ಯಾನನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ.

"ಒಳ್ಗೆ ಏನೇನ್ ಕೇಳ್ತಾರಕ್ಕ?" ಎಂದರು.

"ಮುತ್ತು ಕೊಡ್ತೀರಾ ಅಂತ ಕೇಳ್ತಾರೆ. ಹೌದು ಅನ್ನಿ."

"ಅಯ್ಯೋ ಶಿವ್ನೆ, ಗಂಡಸ್ರ ಎದ್ರುಗೇ?"

"ಹೌದು ಅನ್ನಿ. ಟೇಬಲ್ ಇದೆಯಾ ಅಂದ್ರೆ ಇದೆ ಅನ್ನಿ. ಮಗು ಬೇಡ ಅನ್ನಿಸಿತ್ತಾ ಅಂದ್ರೆ ಮಾತ್ರ ಇಲ್ಲ ಅನ್ನಿ. ಆಮೇಲೆ ಸ್ವಲ್ಪ ಅಳಿ."

ಅವರು ನನ್ನನ್ನೇ ನೋಡಿದರು. "ಅಳು ಬರ್ದಿದ್ರೆ?"

"ಸೆರಗು ಒತ್ತಿಕೊಳ್ಳಿ."

ನಾನು ಹೊರಡುವ ಹೊತ್ತಿಗೆ ಗೌರಮ್ಮ ಮಗನನ್ನು ಎತ್ತಿಕೊಂಡೇ ಹೊರಗೆ ಬಂದರು. ಯಾರೂ ಅವನನ್ನು ಇಟ್ಟುಕೊಂಡಿರಲಿಲ್ಲ. ಹಾಗಾಗಿ ಅಧೀಕ್ಷಕರೇ, ನಿಮ್ಮ ಪ್ರಶ್ನೆಪತ್ರಿಕೆ ಬಯಲಾಗಿದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೀಗಾದರೆ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡುತ್ತದೆ.

ಮಗು ಮನೆಯಲ್ಲಿದೆ. ಹುಣಸೆಬೀಜ ಮುಟ್ಟುವುದಿಲ್ಲ. ಬಸ್ಸು ಬಂದರೆ ಗೇಟಿಗೆ ಹೋಗುವುದಿಲ್ಲ. ಬಡಿಸಿದಷ್ಟು ತಿಂದು ತಟ್ಟೆಯನ್ನು ತಾನೇ ದೂರ ತಳ್ಳುತ್ತದೆ. ಏನೂ ಕೇಳುವುದಿಲ್ಲ. ನಾನು ಅಕ್ಕಿ ಆರಿಸುವಾಗ ಹಜಾರದ ಆಚೆ ಮೂಲೆಯಲ್ಲಿ ಗೋಡೆಗೆ ಒರಗಿ ಕೂರುತ್ತದೆ. ಕಳುಹಿಸಿಕೊಟ್ಟ ದಿನ ನಿಮ್ಮ ಡಾಕ್ಟರು ಅವಳನ್ನು ನೋಡಿ, ಮೊದಲಿನ ಹಾಗೆ ಚೀರುವುದಿಲ್ಲ, ಶಾಂತಳಾಗಿದ್ದಾಳೆ ಎಂದು ಸಂತೋಷಪಟ್ಟರು.

ನಾನು ಕೇಳುವುದು ಇಷ್ಟು. ನನ್ನ ಮೊದಲ ಉತ್ತರಗಳು ನಿಜ, ಎರಡನೆಯವು ಸುಳ್ಳು. ಇದನ್ನು ಅವಳ ಕಡತದಲ್ಲಿ ಬರೆಯಿರಿ, ನಿಮ್ಮ ಎರಡು ತೀರ್ಮಾನಗಳನ್ನೂ ಹೊಡೆದುಹಾಕಿ. ಮುಂದೆ ನಿಮ್ಮ ಬಾಗಿಲಿಗೆ ಬರುವ ತಾಯಿ ಒಂದು ವಾಕ್ಯ ಶುರುಮಾಡಿದರೆ ಅವಳು ಮುಗಿಸುವವರೆಗೆ ಬರೆದುಕೊಳ್ಳಿ. ಕಾಗದ ಸಾಲದಿದ್ದರೆ ಹೇಳಿ, ಜಯನಗರದ ಹೆಂಗಸರು ಚಂದಾ ಎತ್ತಿ ಕಳುಹಿಸುತ್ತೇವೆ. ಅವಳ ಮಗುವನ್ನು ಬೇರೆ ಮಾಡುವ ಮೊದಲು ಆ ಮನೆಗೆ ಹೋಗಿ ಒಂದು ಹಗಲು ಕೂತು ನೋಡಿ. ಮಗುವಿನ ಬಾಯಲ್ಲಿ ಯಾವ ಮಾತಿಗೆ ಯಾವ ಅರ್ಥವೆಂದು ಕೇಳಿ ತಿಳಿದುಕೊಳ್ಳಿ. ಇದಕ್ಕೆ ಪರದೇಶದ ಅಪ್ಪಣೆ ಬೇಕಾಗಲಾರದು.

ಬರೆದದ್ದನ್ನು ಯಜಮಾನರಿಗೆ ತೋರಿಸಿದೆ. ಅವರು ಎರಡು ಸಲ ಓದಿ, "ಸುಳ್ಳು ಹೇಳಿದೆ ಅಂತ ನೀನೇ ಬರೆದುಕೊಟ್ಟ ಹಾಗಾಯ್ತಲ್ಲ. ಮತ್ತೆ ಕರೆಸಿದ್ರೆ?" ಎಂದರು.

"ಕರೆಸಲಿ."

ಅವರು ಹಾಳೆಗಳನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಆಮೇಲೆ, "ಈ ಸಲ ನನ್ನ ಸಹಿ ಸಿಗಲ್ಲ ಅಂತಲೂ ಬರಿ" ಎಂದರು. ಬರೆದಿದ್ದೇನೆ.

ಮತ್ತೆ ಕರೆಸುವ ಅಧಿಕಾರ ನಿಮಗಿದೆ, ನನಗೆ ಗೊತ್ತು. ನೀವು ಕರೆದ ದಿನ ಬರುತ್ತೇನೆ, ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳುತ್ತೇನೆ, ಎಷ್ಟು ಬೇಕೋ ಅಷ್ಟು ಅಂಕ ಹಾಕಿಕೊಳ್ಳಿ. ಮಗು ಬರುವುದಿಲ್ಲ.

ಇಂತಿ, ನಿಮ್ಮ ದಾಖಲೆಯ ಪ್ರಕಾರ ಗಮನಾರ್ಹವಾಗಿ ಸುಧಾರಿಸಿರುವ

ವಾರಿಜಾ
ಜಯನಗರ, ೧೯೬೩ರ ಡಿಸೆಂಬರ್