ಗುಬ್ಬಿಯ ನಾಲಿಗೆ ಕತ್ತರಿಸಿದ ಕೈ

ಅಸಾಕುಸಾ, ತೋಕಿಯೊ
ತೈಶೋ ಒಂಬತ್ತು (1920), ಏಪ್ರಿಲ್

ತೆತ್ಸುಜಿ,

ಹೆಸರಿಗೆ ಮೊದಲು 'ಪ್ರಿಯ' ಎಂದು ಬರೆಯಹೋದೆ, ಮನಸ್ಸು ಒಪ್ಪಲಿಲ್ಲ. ಬಿಟ್ಟಿದ್ದೇನೆ.

ನೀನು ಕ್ಯೋತೋದಲ್ಲಿ ತೆಗೆದ ಗುಬ್ಬಿಯ ಚಿತ್ರಕ್ಕೆ ಇಲ್ಲಿ ಪರದೆಯ ಪಕ್ಕ ನಿಂತು ಕತೆ ಹೇಳಿದವನು ನಾನೇ. ಮೂಕಿಚಿತ್ರದಲ್ಲಿ ಎಲ್ಲರ ಮಾತೂ ನನ್ನ ಬಾಯಿಂದಲೇ ಬರಬೇಕಲ್ಲ. ನಮ್ಮಜ್ಜಿಯರು ಹೇಳುತ್ತಿದ್ದ ಕತೆಯೇ: ಬಟ್ಟೆಗೆಂದು ಕಾಯಿಸಿಟ್ಟ ಗಂಜಿಯನ್ನು ಗುಬ್ಬಿ ತಿಂದಿತೆಂದು ಗಯ್ಯಾಳಿ ಮುದುಕಿ ಅದರ ನಾಲಿಗೆ ಕತ್ತರಿಸುತ್ತಾಳೆ. ಪರದೆಯ ತುಂಬ ಒಂದು ಕೈ, ಕತ್ತರಿ, ಒದ್ದಾಡುವ ಗುಬ್ಬಿ. ನಾನು ಗುಬ್ಬಿಯಾಗಿ ಚೀರಿದೆ. ಜನ ಗೊಳೋ ಎಂದು ಅತ್ತರು. ಬೊಂಬೆಯನ್ನು ಎಷ್ಟು ಚೆನ್ನಾಗಿ ಆಡಿಸಿದ್ದಾನೆ ನನ್ನ ಗೆಳೆಯ ಎಂದು ಬೀಗಿದೆ.

ಮರುದಿನ, ಮುದುಕಿಯ ವೇಷ ಹಾಕಿದ್ದ ಉಮೆನೊಜೊ ರೈಲಿಳಿದು ನೇರ ನನ್ನ ಕೋಣೆಗೆ ಬಂದ. "ಅದು ಬೊಂಬೆ ಅಲ್ಲ ಕಣಣ್ಣ. ನಿನ್ನ ಗೆಳೆಯರು ಏಳು ಗುಬ್ಬಿ ಹಿಡಿಸಿದ್ರು. ನನ್ನ ಕೈಲಾಗಲ್ಲ ಅಂದೆ. 'ಹೆಣ್ಣುವೇಷ ಹಾಕಿ ಹಾಕಿ ನಿನ್ ಕರುಳೂ ಹೆಣ್ಣಾಯ್ತೇನೋ' ಅಂತ ನಕ್ಕು, ನನ್ನ ಕಿಮೋನೊ ತಾವೇ ತೊಟ್ಕೊಂಡ್ರು."

ಅವತ್ತಿನ ಆಟದಲ್ಲಿ ಆ ಕೈಯನ್ನು ಸರಿಯಾಗಿ ನೋಡಿದೆ. ಸೊಟ್ಟ ಕಿರುಬೆರಳು. ಚಿಕ್ಕಂದಿನಲ್ಲಿ ನೀನು ಕಾಕಿ ಹಣ್ಣಿನ ಮರದಿಂದ ಬಿದ್ದಾಗ ನಾನೇ ಬಟ್ಟೆ ಸುತ್ತಿದ ಬೆರಳು.

ಥೂ! ಮೂಕಪ್ರಾಣಿಯ ಮೇಲೆ ಕರುಣೆ ಇರಲಿ ಎಂದು ಮಕ್ಕಳಿಗೆ ಹೇಳುವ ಕತೆಯನ್ನು ತೆಗೆಯಲು ಏಳು ಹಕ್ಕಿಗಳ ನಾಲಿಗೆ ಕತ್ತರಿಸಿದೆಯಲ್ಲೋ. ಅದಕ್ಕೆ ನನ್ನ ಗಂಟಲು ಕೊಟ್ಟೆನಲ್ಲ ಎಂದು ನನ್ನ ಮೇಲೂ ಹೇಸಿಗೆಯಾಯಿತು.

ಕತೆ ನಿಲ್ಲಿಸಿ ಜನಕ್ಕೆ ಹೇಳಿಬಿಟ್ಟೆ: "ಇದು ಮುದುಕಿ ಕೈಯಲ್ಲ, ಚಿತ್ರ ತೆಗೆದವನದು. ಗುಬ್ಬಿ ನಿಜವಾದ್ದು, ರಕ್ತಾನೂ ನಿಜವಾದ್ದು." ಎದ್ದು ಹೋಗುತ್ತಾರೆ ಅಂದುಕೊಂಡೆ. ಹಿಂದಿನಿಂದ ಒಬ್ಬ ಕೂಗಿದ: "ಹೌದಾ? ಹಾಗಾದ್ರೆ ಇನ್ನೊಂದ್ಸಲ ಹಾಕ್ರೋ!" ಹಾಕಿದರು. ಕುರುಕುರು ತಿಂಡಿ ಕಡಿಯುತ್ತ ನೋಡಿದರು. ಮರುದಿನ ಬಾಗಿಲಲ್ಲಿ 'ನಿಜವಾದ ಗುಬ್ಬಿ, ನಿಜವಾದ ರಕ್ತ' ಎಂಬ ಕೆಂಪು ಬಾವುಟ, ಬೀದಿಯ ತುದಿಯವರೆಗೆ ಸಾಲು. ಚಿತ್ರಮಂದಿರದ ಮಾಲೀಕರು ಬೆನ್ನು ತಟ್ಟಿದರು: "ನಿನ್ನೆ ಹೇಳಿದ್ದನ್ನೇ ದಿನಾ ಹೇಳಯ್ಯ. ಅದೇ ದನಿ, ಅದೇ ಕೋಪ."

ನರಿಯಂಥ ಕಾಡುಪ್ರಾಣಿ ತನುಕಿಯ ಬೆನ್ನಿಗೆ ಮೊಲ ಬೆಂಕಿ ಹಚ್ಚುವ ಕತೆ ನಿನ್ನ ಮುಂದಿನ ಚಿತ್ರವಂತೆ. ನಾನೇ ಹೇಳಬೇಕೆಂದು ಮಾಲೀಕರಿಗೆ ಬರೆದಿದ್ದೀಯಂತೆ. ಜೀವಂತ ತನುಕಿಯನ್ನು ಆಗಲೇ ಹಿಡಿಸಿ, ಬೋನಿನಲ್ಲಿಟ್ಟು ಅನ್ನ ಹಾಕುತ್ತಿದ್ದೀಯಂತೆ.

ನಾನು ಕೆಲಸ ಬಿಟ್ಟೆ. ಉಮೆನೊಜೊ ನಿನ್ನೆಯೇ ಕ್ಯೋತೋ ರೈಲು ಹತ್ತಿದ್ದಾನೆ. ಈ ಕಾಗದ ನಿನಗೆ ತಲುಪುವ ಹೊತ್ತಿಗೆ ಬೋನು ಖಾಲಿಯಾಗಿರುತ್ತದೆ.

ಕೊನೆಯಲ್ಲಿ ಯಾರನ್ನಾದರೂ ಹರಸಬೇಕಲ್ಲ. ಆ ತನುಕಿ ನೂರು ಕಾಲ ಬಾಳಲಿ.

ಇಲ್ಲಿಯವರೆಗೆ ನಿನ್ನ ಗೆಳೆಯನಾಗಿದ್ದ,
ಕಾನ್‌ರೋಕು