ಶಾಲೆಗೆ ಹೋದ ಎಮ್ಮೆಯ ಗಂಟೆ

ಶೋಭಾ ಟೀಚರ್ ಅವರಿಗೆ ದಂಡೋತಿಯ ಅಮೃತಮ್ಮನ ಶರಣು.

‘ನಾನು ಯಾರು’ ಎಂದು ತಿಳಿಸುವ ವಸ್ತು ತರಲು ಮಕ್ಕಳಿಗೆ ಹೇಳಿದ್ದಿರಿ. ನನ್ನ ಮಗಳು ಭುವನಾ ಎಮ್ಮೆಯ ಕೊರಳ ಗಂಟೆಯನ್ನೇ ಒಯ್ದಳು. ಸೆಗಣಿ ವಾಸನೆಗೆ ಎಲ್ಲರೂ ನಕ್ಕಾರು ಎಂದು ನನಗೆ ಅನ್ನ ಸೇರಲಿಲ್ಲ. ಆದರೆ ಸಂಜೆ ಅವಳು ಕುಣಿಯುತ್ತಾ ಬಂದಳು.

“ಯವ್ವಾ, ಎಲ್ಲಾರೂ ಬಾರಿಸಿದ್ರು! ಗಂಟಿ ನನ್ನ ಕೊಳ್ಳಾಗ ಇದ್ದಂಗ ಚಿತ್ರ ತಗದೀನಿ. ಗಂಟಿ, ಚಿತ್ರ ಎರಡೂ ಶನಿವಾರದ ತನಕ ಸಾಲಿ ಗ್ವಾಡಿಗಿ ಹಾಕ್ಯಾರ.”

ಆ ಗಂಟೆಯ ಸದ್ದಿಲ್ಲದೆ ನಮ್ಮ ಎಮ್ಮೆ ಹಾಲು ಇಳಿಸುವುದಿಲ್ಲ. ಗಂಟೆ ಕಳಿಸಿರೆಂದು ಬರೆಯಲು ಹೊರಟಿದ್ದೆ. ಅಷ್ಟರಲ್ಲಿ ಭುವನಾ ಎಮ್ಮೆಯ ಕಿವಿಯ ಬಳಿ ನಿಂತು, ಕರೆದು ಮುಗಿಯುವ ತನಕ ಬಾಯಲ್ಲೇ ‘ಠಣ್ ಠಣ್’ ಎಂದಳು. ಚೆಂಬು ತುಂಬ ಹಾಲು ಕೊಟ್ಟಿತು!

ಗಂಟೆ ಅಲ್ಲೇ ಇರಲಿ ರೀ. ಆದರೆ ಮಗಳ ಗಂಟಲು ಕಟ್ಟಿದೆ, ನಾಳೆ ಪದ್ಯ ಹೇಳಿಸಬೇಡಿರಿ.

ಅರ್ಧಕ್ಕೆ ಶಾಲೆ ಬಿಟ್ಟವಳು, ತಪ್ಪಿದ್ದರೆ ತಿದ್ದಿ ಓದಿರಿ.

ಅಮೃತಮ್ಮ